ಶಾಲೆಯಲ್ಲಿ ಯಾವ ವಿದೇಶಿ ಭಾಷೆ ಕಲಿಸಬೇಕು ಅಂತ ಸರ್ಕಾರ ಹೇಗೆ ತೀರ್ಮಾನಿಸುತ್ತದೆ?

ಮಕ್ಕಳ ಆಸಕ್ತಿ ನೋಡಿ ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಜಾಸ್ತಿ ಕೆಲಸ ಮಾಡುವುದು ರಾಜತಾಂತ್ರಿಕತೆ, ದುಡ್ಡು ಮತ್ತು ದೇಶದೊಳಗಿನ ಭಾಷಾ ರಾಜಕೀಯ.

ಕೇಂದ್ರೀಯ ವಿದ್ಯಾಲಯಗಳ ಕಥೆ ನೋಡಿ. 2011ರಲ್ಲಿ ಜರ್ಮನ್ ಭಾಷೆ, ಸಂಸ್ಕೃತಿಯನ್ನು ಹೊರದೇಶಗಳಲ್ಲಿ ಹರಡುವ ಜರ್ಮನಿಯ ಗೊಯಥೆ ಸಂಸ್ಥೆಯ ಜೊತೆ ಒಪ್ಪಂದವಾಯಿತು. 6ರಿಂದ 8ನೇ ತರಗತಿಯವರೆಗೆ ಸಂಸ್ಕೃತದ ಬದಲು ಆಯ್ದುಕೊಳ್ಳಬಹುದಾದ ಮೂರನೇ ಭಾಷೆಯಾಗಿ ಜರ್ಮನ್ ಬಂತು. ಶಿಕ್ಷಕರ ತರಬೇತಿಯ ಹೊಣೆ ಆ ಸಂಸ್ಥೆಯದು. 2014ರ ನವೆಂಬರ್‌ನಲ್ಲಿ, ಶಾಲಾ ವರ್ಷದ ನಡುವೆಯೇ, ಕೇಂದ್ರ ಸರ್ಕಾರ ಇದನ್ನು ನಿಲ್ಲಿಸಿತು. ಹಿಂದಿ, ಇಂಗ್ಲಿಷ್ ಜೊತೆ ಇನ್ನೊಂದು ಭಾರತೀಯ ಭಾಷೆ ಕಲಿಸುವ ತ್ರಿಭಾಷಾ ಸೂತ್ರದಲ್ಲಿ ವಿದೇಶಿ ಭಾಷೆಗೆ ಮೂರನೇ ಸ್ಥಾನವಿಲ್ಲ ಎಂಬುದು ಅದರ ವಾದ. ವಾದದಲ್ಲಿ ಹುರುಳಿತ್ತು. ಆದರೆ ಅರ್ಧ ವರ್ಷ ಜರ್ಮನ್ ಕಲಿತ ಮಕ್ಕಳನ್ನು ಸಂಸ್ಕೃತಕ್ಕೆ ಕೂರಿಸಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಪೋಷಕರು ಸುಪ್ರೀಂ ಕೋರ್ಟಿಗೆ ಹೋದರು. ಬ್ರಿಸ್ಬೇನ್ ಜಿ-20 ಸಭೆಯಲ್ಲಿ ಆಗಿನ ಜರ್ಮನ್ ಚಾನ್ಸಲರ್ (ಸರ್ಕಾರದ ಮುಖ್ಯಸ್ಥೆ) ಏಂಜೆಲಾ ಮರ್ಕೆಲ್ ಪ್ರಧಾನಿ ಮೋದಿಯವರ ಹತ್ತಿರವೇ ಈ ವಿಷಯ ಎತ್ತಿದರು! ಮರುವರ್ಷ ಮರ್ಕೆಲ್ ದೆಹಲಿಗೆ ಬಂದಾಗ, ಜರ್ಮನ್ನನ್ನು ಹೆಚ್ಚುವರಿ ಭಾಷೆಯಾಗಿ ಕಲಿಸಲು ದಾರಿ ತೆರೆಯಿತು.

ಪಟ್ಟಿಯಿಂದ ಒಂದು ಭಾಷೆಯ ಹೆಸರು ಬಿಡುವುದೂ ಒಂದು ನೀತಿಯೇ. 2019ರ ಶಿಕ್ಷಣ ನೀತಿಯ ಕರಡಿನಲ್ಲಿ ಚೀನೀ ಭಾಷೆಯ ಹೆಸರಿತ್ತು. ಗಲ್ವಾನ್‌ನಲ್ಲಿ ಭಾರತ-ಚೀನಾ ಸೈನಿಕರ ಘರ್ಷಣೆಯ ನಂತರ, 2020ರ ಜುಲೈನಲ್ಲಿ ಬಂದ ಅಂತಿಮ ನೀತಿಯಲ್ಲಿ ಕೊರಿಯನ್, ಜಪಾನಿ, ಥಾಯ್, ರಷ್ಯನ್ ಎಲ್ಲ ಇವೆ. ಚೀನೀ ಇಲ್ಲ.