ಅಂಗಡಿ ಕಂಪ್ಯೂಟರ್‌ಗೆ ವಿಂಡೋಸ್ 11 ಯಾವಾಗ ಹಾಕ್ಸೋದು?

ಪ್ರಶ್ನೆ: ನಮಸ್ಕಾರ ಸರ್. ತಿಪಟೂರಲ್ಲಿ ನಂದೊಂದು ಡಿಟಿಪಿ ಅಂಗಡಿ ಇದೆ, ಹದಿನಾಲ್ಕು ವರ್ಷ ಆಯ್ತು. ಮದುವೆ ಕಾರ್ಡು, ಗೃಹಪ್ರವೇಶ, ತಿಥಿ ಕಾರ್ಡು, ಬಿಲ್ ಬುಕ್ಕು, ಅರ್ಜಿ ಟೈಪಿಂಗು ಎಲ್ಲ ಮಾಡ್ತೀವಿ. ಪಕ್ಕದ ಟೇಬಲ್ಲಲ್ಲಿ ನನ್ನ ತಮ್ಮ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಮಾಡ್ತಾನೆ. ಮೂರು ಕಂಪ್ಯೂಟರ್ ಇವೆ, ಮೂರರಲ್ಲೂ ವಿಂಡೋಸ್ 10. ಸಪೋರ್ಟ್ ಮುಗೀತು ಅಂತ ಸ್ಕ್ರೀನ್ ಮೇಲೆ ಬರ್ತಾನೇ ಇದೆ. ಸರ್ವೀಸ್ ಹುಡುಗ ಇವತ್ತೇ 11 ಹಾಕ್ಕೊಡ್ತೀನಿ, ಅರ್ಧ ದಿನದ ಕೆಲಸ ಅಂತಾನೆ. ತಮ್ಮ ಮಾತ್ರ ಮಾರ್ಚ್ ಮುಗಿಯೋ ತನಕ ನನ್ನ ಮಷಿನ್ ಮುಟ್ಲೇಬೇಡಿ ಅಂತ ಹಟ ಹಿಡಿದಿದಾನೆ. ನನ್ನ ಭಯ ನುಡಿ ಸಾಫ್ಟ್‌ವೇರಲ್ಲಿ ಹೊಡೆದ ಹಳೆ ಫೈಲುಗಳದ್ದು, ಹತ್ತು ವರ್ಷದ ಕಾರ್ಡು ಅದರಲ್ಲೇ ಇದೆ. ಯಾರ ಮಾತು ಕೇಳ್ಲಿ? (ಹೆಸರು ಬೇಡ ಅಂದಿದಾರೆ)

ಉತ್ತರ: ಸದ್ಯಕ್ಕೆ ತಮ್ಮನ ಮಾತು ಕೇಳಿ ಮೇಡಂ. ಆದ್ರೆ ಮಾರ್ಚ್ ಆದ್ಮೇಲೆ ಏಪ್ರಿಲ್, ಏಪ್ರಿಲ್ ಆದ್ಮೇಲೆ ದೀಪಾವಳಿ ಅಂತ ತಳ್ಕೊಂಡು ಹೋಗೋಕೆ ಮಾತ್ರ ಬಿಡಬೇಡಿ, ಯಾಕಂದ್ರೆ ಹಂಗೆ ತಳ್ಳಿದವರೆಲ್ಲ ಕೊನೆಗೆ ಮಷಿನ್ ಕೆಟ್ಟ ದಿನ, ಗಿರಾಕಿ ಎದುರಿಗೆ ನಿಂತಿರುವಾಗ ಅಪ್‌ಗ್ರೇಡ್ ಮಾಡ್ಸಿದಾರೆ, ನಾನು ತುಂಬಾ ಅಂಗಡಿಗಳಲ್ಲಿ ನೋಡಿದೀನಿ.

ಮೊದಲು ಸಪೋರ್ಟ್ ಮುಗಿಯೋದು ಅಂದ್ರೆ ಏನು ಅಂತ ಹೇಳ್ತೀನಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14 ಕೊನೆ ದಿನ ಆಗಿತ್ತು. ಅವತ್ತಿಂದ ಕಂಪ್ಯೂಟರ್ ನಿಂತೇನೂ ಹೋಗಲ್ಲ, ಆನ್ ಆಗುತ್ತೆ, ಪ್ರಿಂಟ್ ಹೊಡಿಯುತ್ತೆ, ಎಲ್ಲ ಮೊದಲಿನ ಹಂಗೇ ನಡಿಯುತ್ತೆ. ಹೊಸದಾಗಿ ಸಿಗೋ ಭದ್ರತಾ ತೂತುಗಳನ್ನ ಮುಚ್ಚೋ ಅಪ್‌ಡೇಟ್ ಬರೋದು ಮಾತ್ರ ನಿಲ್ಲುತ್ತೆ. ತಮ್ಮನ ಮಷಿನ್‌ನಲ್ಲಿ ಊರಿನ ವ್ಯಾಪಾರಸ್ಥರ ಪ್ಯಾನ್, ಬ್ಯಾಂಕ್ ವಿವರ, ಪಾಸ್‌ವರ್ಡ್ ಎಲ್ಲ ಇರುತ್ತಲ್ಲ, ಅವನ ಮಷಿನ್ ತೂತು ಬಿದ್ರೆ ನಷ್ಟ ಅವನೊಬ್ಬನದ್ದಲ್ಲ. ಅದಕ್ಕೇ ಮುಟ್ಟಬೇಡಿ ಅನ್ನೋ ಅವನ ಮಾತನ್ನ ಪೂರ್ತಿ ಒಪ್ಪೋಕೆ ನನಗೆ ಮನಸ್ಸು ಬರ್ತಿಲ್ಲ.

ಇದಕ್ಕೆ ನಡುವಿನ ದಾರಿ ಒಂದಿದೆ. ಇಎಸ್‌ಯು ಅಂತ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡ್ತಿದಾರೆ, 2026ರ ಅಕ್ಟೋಬರ್ 13ರ ತನಕ. ಸೆಟ್ಟಿಂಗ್ಸ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್ ತೆಗೆದ್ರೆ ಎನ್‌ರೋಲ್ ಅನ್ನೋ ಲಿಂಕ್ ಕಾಣುತ್ತೆ. ಮೈಕ್ರೋಸಾಫ್ಟ್ ಅಕೌಂಟಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡಿಲ್ಲ, ಇಲ್ಲಾಂದ್ರೆ 1000 ರಿವಾರ್ಡ್ಸ್ ಪಾಯಿಂಟ್, ಅದೂ ಬೇಡ ಅಂದ್ರೆ 30 ಡಾಲರ್. ನಿಮ್ಮಲ್ಲಿರೋದು ವಿಂಡೋಸ್ 10ರ 22ಎಚ್2 ವರ್ಷನ್ ಆಗಿರಬೇಕು, ಸ್ಟಾರ್ಟ್ ಒತ್ತಿ winver ಅಂತ ಇಂಗ್ಲಿಷಲ್ಲಿ ಹೊಡೆದ್ರೆ ಗೊತ್ತಾಗುತ್ತೆ. ಕಂಪನಿ ಡೊಮೇನ್‌ಗೆ ಸೇರಿಸಿದ ಮಷಿನ್‌ಗೆ ಈ ಸೌಲಭ್ಯ ಇಲ್ಲ, ಅವರದ್ದು ಬೇರೆ ಲೆಕ್ಕ, ಮೊದಲ ವರ್ಷ ಒಂದು ಮಷಿನ್‌ಗೆ 61 ಡಾಲರ್, ಆಮೇಲೆ ವರ್ಷ ವರ್ಷ ಡಬಲ್. ಮೂರೂ ಮಷಿನ್‌ಗೆ ಇದನ್ನ ಈ ವಾರವೇ ಮಾಡ್ಸಿ, ಆವಾಗ ಮಾರ್ಚ್ ತನಕ ತಮ್ಮನೂ ನೆಮ್ಮದಿಯಾಗಿ ಕೆಲಸ ಮಾಡ್ಕೋಬಹುದು.

ಈಗ ಯಾವಾಗ ಅನ್ನೋದು. ಇದನ್ನ ಮೈಕ್ರೋಸಾಫ್ಟ್ ಕ್ಯಾಲೆಂಡರ್ ನೋಡಿ ಹೇಳೋಕಾಗಲ್ಲ, ನಿಮ್ಮ ಅಂಗಡಿ ಗೋಡೆ ಮೇಲಿರೋ ಕ್ಯಾಲೆಂಡರ್ ನೋಡಬೇಕು. ಏಪ್ರಿಲ್‌ನಿಂದ ಮೇ ಮಧ್ಯದ ತನಕ ಲಗ್ನದ ಕಾಲ, ನಿಮಗೆ ಉಸಿರಾಡೋಕೆ ಪುರುಸೊತ್ತಿರಲ್ಲ. ಈ ಸಲ 2026ರಲ್ಲಿ ಅಧಿಕ ಮಾಸ ಬಂದಿದೆ, ಅಧಿಕ ಜ್ಯೇಷ್ಠ, ಮೇ ಮಧ್ಯದಿಂದ ಜೂನ್ ಮಧ್ಯದ ತನಕ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನಿಮ್ಮ ಮಷಿನ್ ಒಂದೆರಡು ದಿನ ಸುಮ್ನೆ ಇದ್ರೂ ನಡಿಯುತ್ತೆ. ತಮ್ಮನ ಲೆಕ್ಕ ಬೇರೆ, ಅವನಿಗೆ ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್ 1 ಅನ್ನೋ ಮಾರಾಟದ ರಿಟರ್ನ್, 20ಕ್ಕೆ 3ಬಿ ಅನ್ನೋ ತೆರಿಗೆ ರಿಟರ್ನ್. ಅಂದ್ರೆ 21ರಿಂದ ತಿಂಗಳ ಕೊನೆ ತನಕ ಅವನಿಗೆ ಸ್ವಲ್ಪ ಬಿಡುವು. ಎರಡೂ ಸೇರೋ ಜಾಗ ನೋಡಿದ್ರೆ ಮೇ 23ರ ಶನಿವಾರ ಸಂಜೆ. ಅವತ್ತು ಮೂರನೇ ಮಷಿನ್, ಬರೀ ಟೈಪಿಂಗಿಗೆ ಇಟ್ಟಿರೋದನ್ನ ಮಾತ್ರ ಮಾಡ್ಸಿ. ಒಂದು ವಾರ ಅದರ ಮೇಲೆ ನೀವೂ ತಮ್ಮನೂ ನಿಜವಾದ ಕೆಲಸ ಮಾಡಿ ನೋಡಿ. ಸರಿ ಅನ್ನಿಸಿದ್ರೆ ಮೇ 30ಕ್ಕೆ ನಿಮ್ಮದು, ತಮ್ಮಂದು ಜೂನ್ 21ರ ಭಾನುವಾರ, 3ಬಿ ಕಳಿಸಿ ಮಾರನೇ ದಿನ. ಜುಲೈ ರಿಟರ್ನ್ ಗಡಿಬಿಡಿ ಶುರುವಾಗೋ ಹೊತ್ತಿಗೆ ಅವನಿಗೆ ಹೊಸದು ಕೈಗೆ ಕೂತಿರುತ್ತೆ. ಮೂರೂ ಒಂದೇ ದಿನ ಮಾಡ್ಕೊಡ್ತೀನಿ ಅಂತ ಹುಡುಗ ಹೇಳಿದ್ರೆ ಖಂಡಿತ ಬೇಡ ಅನ್ನಿ.

ಅದಕ್ಕೂ ಮುಂಚೆ ಮೂರರಲ್ಲಿ ಯಾವುದು 11ಕ್ಕೆ ಹೋಗುತ್ತೆ ಅಂತ ನೋಡ್ಕೋಬೇಕು. ಪಿಸಿ ಹೆಲ್ತ್ ಚೆಕ್ ಅಂತ ಮೈಕ್ರೋಸಾಫ್ಟಿಂದೇ ಒಂದು ಚಿಕ್ಕ ಪ್ರೋಗ್ರಾಂ ಇದೆ, ಅದೇ ಹೇಳುತ್ತೆ. ಇಂಟೆಲ್ ಆದ್ರೆ 8ನೇ ಜನರೇಷನ್‌ನಿಂದ ಮೇಲೆ ಇರಬೇಕು, ಐ3 6100 ಅಂತಿದ್ರೆ ಅದು 6ನೇದು, ಆಗಲ್ಲ, ಐ5 8400 ಆದ್ರೆ ಆಗುತ್ತೆ. ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲ ಅಂತ ತೋರಿಸಿದ ಕೂಡ್ಲೇ ಹೊಸ ಮಷಿನ್ ತಗೊಳ್ಳೋಕೆ ಓಡಬೇಡಿ. ಅಸೆಂಬಲ್ ಮಾಡ್ಸಿದ ಮಷಿನ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುತ್ತೆ, ಆದ್ರೆ ಬಯಾಸ್‌ನಲ್ಲಿ, ಅಂದ್ರೆ ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್‌ನಲ್ಲಿ, ಆಫ್ ಆಗಿರುತ್ತೆ, ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಹೆಸರು, ಆನ್ ಮಾಡಿದ್ರೆ ಆಯ್ತು. ಪ್ರೊಸೆಸರ್ರೇ ಹಳೇದಾದ್ರೆ ಏನೋ ಟ್ರಿಕ್ ಮಾಡಿ ಚೆಕ್ ದಾಟಿಸಿ ಹಾಕ್ಕೊಡ್ತಾರೆ, ಮನೆ ಮಷಿನ್‌ಗೆ ಏನಾದ್ರೂ ಮಾಡ್ಕೊಳ್ಳಿ, ದುಡಿಯೋ ಮಷಿನ್‌ಗೆ ಬೇಡ. ಅಂಥದಕ್ಕೆ ಮುಂದೆ ಅಪ್‌ಡೇಟ್ ಬಂದೇ ಬರುತ್ತೆ ಅನ್ನೋ ಭರವಸೆ ಮೈಕ್ರೋಸಾಫ್ಟ್ ಕೊಟ್ಟಿಲ್ಲ. ಆ ಮಷಿನನ್ನ ಅಕ್ಟೋಬರ್ ತನಕ ಇಎಸ್‌ಯು ಮೇಲೆ ನಡೆಸಿ, ಅಷ್ಟರಲ್ಲಿ ದುಡ್ಡು ಕೂಡಿಟ್ಕೊಂಡು ಬದಲಾಯಿಸಿ.

ಇನ್ನು ನಿಮ್ಮ ನುಡಿ ಫೈಲುಗಳು. ಈ ಭಯ ನನಗೆ ಚೆನ್ನಾಗಿ ಅರ್ಥ ಆಗುತ್ತೆ. 2020ರ ಜನವರಿ 14ಕ್ಕೆ ವಿಂಡೋಸ್ 7 ಮುಗೀತು, ಆ ವಾರ ನಮ್ಮ ನೆಂಟರ ಪ್ರೆಸ್‌ನಲ್ಲಿ ನಾನೇ ಕೂತು 10 ಹಾಕಿದ್ದೆ. 32 ಬಿಟ್ ಇತ್ತು, ಪೂರ್ತಿ ಫಾರ್ಮ್ಯಾಟ್ ಹೊಡೆದು 64 ಬಿಟ್ ಹಾಕಿದೆ, ಡಿ ಡ್ರೈವ್‌ನಲ್ಲಿ ಫೈಲೆಲ್ಲ ಭದ್ರವಾಗಿ ಇವೆ ಅನ್ನೋ ಧೈರ್ಯದ ಮೇಲೆ. ಬೆಳಿಗ್ಗೆ ಒಂದು ಆಮಂತ್ರಣ ಪತ್ರಿಕೆ ತೆಗೆದ್ರೆ ಕನ್ನಡ ಅನ್ನೋ ಪದ ಇರಬೇಕಾದ ಕಡೆ ಇಂಗ್ಲಿಷ್ ಪಿ, ಅದರ ಪಕ್ಕ ತಲೆ ಮೇಲೆ ಗೀಟಿರೋ ಎ, ಆಮೇಲೆ ಪೌಂಡ್ ಗುರುತು. ಪುಟ ಪೂರ್ತಿ ಹಂಗೇ. ಫೈಲಿಗೆ ಏನೂ ಆಗಿರಲಿಲ್ಲ, ಫಾಂಟ್ ಹೋಗಿತ್ತು ಅಷ್ಟೇ. ಹಳೆ ನುಡಿ, ಬರಹ ಸಾಫ್ಟ್‌ವೇರಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಪದ್ಧತಿ) ಅಲ್ಲದೆ ಹೊಡೆದಿರೋದೆಲ್ಲ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರೋದು, ಆ ಫಾಂಟ್ ಇಲ್ಲಾಂದ್ರೆ ಅಕ್ಷರವೇ ಇಲ್ಲ. ನುಡಿ ಫಾಂಟ್ ಅರ್ಧ ಗಂಟೇಲಿ ಸಿಕ್ತು, ಆದ್ರೆ ಯಾವತ್ತೋ ಸಿಡಿಯಿಂದ ಹಾಕಿದ್ದ ಎರಡು ಡಿಸೈನ್ ಫಾಂಟ್ ಸಿಗೋಕೆ ಮೂರು ದಿನ ಆಯ್ತು, ಅವರ ಹಳೆ ಬಿಲ್ ಪ್ರಿಂಟರ್‌ಗೆ 64 ಬಿಟ್ ಡ್ರೈವರ್ ಸಿಗಲೇ ಇಲ್ಲ. ಆ ಮೂರು ದಿನ ಅವರು ಗಿರಾಕಿಗಳಿಗೆ ನಾಳೆ ಬನ್ನಿ ನಾಳೆ ಬನ್ನಿ ಅಂತಿದ್ದಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅದಕ್ಕೇ ಹೇಳ್ತೀನಿ, ಫೈಲಿನ ಬ್ಯಾಕಪ್ ಜೊತೆಗೆ ಸಿ ಡ್ರೈವ್‌ನ ವಿಂಡೋಸ್ ಒಳಗಿರೋ ಫಾಂಟ್ಸ್ ಫೋಲ್ಡರನ್ನ ಪೂರ್ತಿ ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಅದೇ ಡಿಸ್ಕಿಗೆ ತಮ್ಮನ ಟ್ಯಾಲಿ ಡೇಟಾ ಫೋಲ್ಡರ್ರು. ಡೆಸ್ಕ್‌ಟಾಪ್ ಮೇಲೆ ಇಟ್ಟಿರೋದೆಲ್ಲ ಸಿ ಡ್ರೈವೇ ಅನ್ನೋದು ನೆನಪಿರಲಿ, ತುಂಬಾ ಜನ ಅಲ್ಲೇ ಕಳ್ಕೊಳ್ಳೋದು. ಯೂನಿಕೋಡಲ್ಲಿ ತುಂಗ ಫಾಂಟ್ ಬಳಸಿ ಮಾಡಿದ ಫೈಲಿದ್ರೆ ಹೊಸ ಮಷಿನ್‌ನಲ್ಲಿ ಅಕ್ಷರದ ಆಕಾರ, ಸಾಲು ಎಲ್ಲ ಬದಲಾದ ಹಂಗೆ ಕಾಣಬಹುದು, ತುಂಗ ಈಗ ತಾನಾಗಿ ಬರಲ್ಲ, ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹಾಕ್ಕೋಬೇಕು.

ಮತ್ತೆ ಸರ್ವೀಸ್ ಹುಡುಗನ್ನ ಒಂದು ಮಾತು ಕೇಳಿ, ಅಪ್‌ಗ್ರೇಡ್ ಮಾಡ್ತೀಯಾ ಫಾರ್ಮ್ಯಾಟ್ ಹೊಡಿತೀಯಾ ಅಂತ. ವಿಂಡೋಸ್ ಅಪ್‌ಡೇಟಿಂದ ಅಪ್‌ಗ್ರೇಡ್ ಆದ್ರೆ ಪ್ರೋಗ್ರಾಂ, ಫಾಂಟ್, ಫೈಲು ಸಾಮಾನ್ಯವಾಗಿ ಇದ್ದ ಹಂಗೇ ಇರ್ತವೆ, ಇಷ್ಟ ಆಗಲಿಲ್ಲ ಅಂದ್ರೆ 10 ದಿನದೊಳಗೆ ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿ 10ಕ್ಕೇ ವಾಪಸ್ ಬರಬಹುದು, ಆ ಹತ್ತು ದಿನ ಡಿಸ್ಕ್ ಕ್ಲೀನಪ್ ಮಾಡಿ ಹಳೆ ವಿಂಡೋಸ್ ಫೋಲ್ಡರ್ ಅಳಿಸಬಾರದು ಅಷ್ಟೇ. ಫಾರ್ಮ್ಯಾಟ್ ಹೊಡೆದ್ರೆ ವಾಪಸ್ ದಾರಿ ಇಲ್ಲ. 32 ಬಿಟ್ ಇರೋ ಮಷಿನ್‌ಗೆ ಮಾತ್ರ ಫಾರ್ಮ್ಯಾಟೇ ಗತಿ, ವಿಂಡೋಸ್ 11 ಬರೋದೇ 64 ಬಿಟ್‌ನಲ್ಲಿ. ಆವಾಗ ಅವನ ಮೇಲ್ ಐಡಿ ಹಾಕಿ ಇನ್‌ಸ್ಟಾಲ್ ಮಾಡೋಕೆ ಬಿಡಬೇಡಿ, ಪಕ್ಕದಲ್ಲೇ ಕೂತು ನಿಮ್ಮದೇ ಹಾಕ್ಸಿ. ಈಗಿನ ವಿಂಡೋಸ್ 11 ಹೊಸದಾಗಿ ಹಾಕಿದಾಗ ಡಿಸ್ಕನ್ನ ತಾನೇ ಲಾಕ್ ಮಾಡ್ಕೊಂಡು ಅದರ ಕೀಯನ್ನ ಲಾಗಿನ್ ಆದ ಅಕೌಂಟಲ್ಲಿ ಇಡುತ್ತೆ, ಎರಡು ವರ್ಷ ಆದ್ಮೇಲೆ ಮದರ್‌ಬೋರ್ಡ್ ಹೋದ್ರೆ ಆ 48 ಅಂಕಿಯ ಕೀ ಕೇಳುತ್ತೆ, ಆ ಹುಡುಗ ಅಷ್ಟರಲ್ಲಿ ಬೆಂಗಳೂರಿಗೆ ಹೋಗಿರ್ತಾನೆ.

ಆ ಒಂದು ವಾರ ಮೂರನೇ ಮಷಿನ್ ಮೇಲೆ ತಮ್ಮ ಏನು ನೋಡಬೇಕು ಅಂದ್ರೆ, ಡಿಜಿಟಲ್ ಸಿಗ್ನೇಚರ್ ಟೋಕನ್ ಚುಚ್ಚಿ ಅದರ ಡ್ರೈವರ್, ಎಮ್‌ಸೈನರ್ ಅನ್ನೋ ಸಹಿ ಹಾಕೋ ಪ್ರೋಗ್ರಾಂ ಎರಡೂ ಹಾಕಿ ಪೋರ್ಟಲ್‌ನಲ್ಲಿ ನಿಜವಾಗ್ಲೂ ಸಹಿ ಬೀಳುತ್ತಾ ಅಂತ. ಟೋಕನ್ ಲೈಟ್ ಉರಿದ್ರೆ ಸಾಲದು, ಸರ್ಟಿಫಿಕೇಟ್ ಪಟ್ಟಿಯಲ್ಲಿ ಹೆಸರು ಬಂದು ಪಿನ್ ಕೇಳಿ ಸಹಿ ಆಗಬೇಕು. ನೀವು ನಿಮ್ಮ ಅತ್ಯಂತ ಹಳೆ ಕಾರ್ಡ್ ಫೈಲ್ ತೆಗೆದು ಪ್ರಿಂಟ್ ಹೊಡೆದು ಹಳೆ ಕಾರ್ಡಿನ ಪಕ್ಕ ಇಟ್ಟು ಒತ್ತಕ್ಷರ ಎಲ್ಲ ಕೂತಿದಾವಾ ನೋಡಿ. ಇವೆರಡೂ ಪಾಸಾದ್ರೆ ಉಳಿದ ಎರಡು ಮಷಿನ್ ಧೈರ್ಯವಾಗಿ ಮಾಡ್ಸಿ.

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯಾಗ ಔಷಧಿ ಹೋಲ್‌ಸೇಲ್ ಅಂಗಡ್ಯಾಗ ಅಕೌಂಟ್ಸ್ ನೋಡ್ತೀನ್ರಿ. ನಮ್ಮಲ್ಲಿ ಈಗಾಗ್ಲೇ 11 ಐತಿ. ಮೊನ್ನೆ ಬಿಲ್ ಹೊಡಿಯೂ ಮುಂದ ತಾನ ರೀಸ್ಟಾರ್ಟ್ ಆತ್ರಿ, ಸಾಹುಕಾರ್ರು ಸಿಟ್ಟಾಗಿ ಅಪ್‌ಡೇಟ್ ಪೂರ್ತಿ ಬಂದ್ ಮಾಡಿಸು ಅಂದಾರ. ಮಾಡ್ಲೇನ್ರಿ?

ಉತ್ತರ: ಪೂರ್ತಿ ಬಂದ್ ಮಾಡಬೇಡ್ರಿ. ಸಾಹುಕಾರರ ಸಿಟ್ಟು ನ್ಯಾಯವೇ, ಬಿಲ್ ಮಧ್ಯೆ ಹಂಗಾದ್ರೆ ಯಾರಿಗಾದ್ರೂ ಬರುತ್ತೆ. ಆದ್ರೆ ಅಪ್‌ಡೇಟ್ ಅನ್ನೋ ಒಂದೇ ಹೆಸರಲ್ಲಿ ಎರಡು ಬೇರೆ ಸಾಮಾನು ಬರ್ತವೆ.

ಒಂದು ಪ್ರತಿ ತಿಂಗಳ ಎರಡನೇ ಮಂಗಳವಾರ ಬರೋ ಭದ್ರತಾ ಪ್ಯಾಚ್, ನಮಗೆ ಅದು ಮಂಗಳವಾರ ರಾತ್ರಿ ಅಥವಾ ಬುಧವಾರ ಕಾಣುತ್ತೆ. ಇದನ್ನ ಒಂದು ವಾರಕ್ಕಿಂತ ಹೆಚ್ಚು ತಡ ಮಾಡಬಾರದು. 2017ರ ಮೇ 12ರಂದು ವಾನಾಕ್ರೈ ಬಂತಲ್ಲ, ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರ್ ಲಾಕ್ ಮಾಡಿ ದುಡ್ಡು ಕೇಳಿದ್ದು, ಅದು ಒಳಗೆ ನುಗ್ಗಿದ ಭದ್ರತಾ ತೂತಿಗೆ ಮಾರ್ಚ್ 14ಕ್ಕೇ ಪ್ಯಾಚ್ ಬಂದಿತ್ತು. ಎರಡು ತಿಂಗಳು ಕೈಯಲ್ಲಿ ಔಷಧಿ ಇಟ್ಕೊಂಡು ಕುಡೀದೆ ಕೂತ ಹಂಗಾಯ್ತು.

ಇನ್ನೊಂದು ವರ್ಷಕ್ಕೊಮ್ಮೆ ಬರೋ ದೊಡ್ಡ ವರ್ಷನ್, 24ಎಚ್2, 25ಎಚ್2 ಅಂತ. ಇದಕ್ಕೆ ಅವಸರ ಬೇಡ. 2018ರ ಅಕ್ಟೋಬರ್ 2ಕ್ಕೆ ವಿಂಡೋಸ್ 10ರ ಇಂಥದ್ದೇ ಒಂದು ವರ್ಷನ್ ಬಿಟ್ರು, ಮೊದಲ ದಿನವೇ ಹಾಕಿದ ಕೆಲವರ ಡಾಕ್ಯುಮೆಂಟ್ಸ್ ಫೈಲುಗಳೇ ಅಳಿಸಿ ಹೋದವು, ಒಂದು ವಾರದೊಳಗೆ ವಾಪಸ್ ತಗೊಂಡು ನವೆಂಬರ್‌ನಲ್ಲಿ ಸರಿ ಮಾಡಿ ಮತ್ತೆ ಬಿಟ್ರು. ಅದಕ್ಕೇ ನಾನು ದೊಡ್ಡ ವರ್ಷನ್‌ಗೆ ಎರಡು ಮೂರು ತಿಂಗಳು ಕಾಯ್ತೀನಿ. ಹಂಗಂತ ಮರೆತೂ ಬಿಡಬಾರದು, ಹೋಮ್, ಪ್ರೊ ಎರಡಕ್ಕೂ ಒಂದು ವರ್ಷನ್‌ಗೆ 24 ತಿಂಗಳು ಮಾತ್ರ ಸಪೋರ್ಟು. ನಿಮ್ಮದು ಇನ್ನೂ 24ಎಚ್2 ಇದ್ರೆ ಅದು 2026ರ ಅಕ್ಟೋಬರ್ 13ಕ್ಕೆ ಮುಗಿಯುತ್ತೆ, 25ಎಚ್2ಗೆ ಈಗ ಹೋಗಬಹುದು, ಕಾಯೋಷ್ಟು ಕಾದಾಗಿದೆ.

ರೀಸ್ಟಾರ್ಟ್ ಕಾಟಕ್ಕೆ ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಆಕ್ಟಿವ್ ಅವರ್ಸ್ ಅಂತಿದೆ, ಅದನ್ನ ನಿಮ್ಮ ಅಂಗಡಿ ಟೈಮಿಗೆ ಕೈಯಾರೆ ಹಾಕ್ರಿ, ಬೆಳಿಗ್ಗೆ 8ರಿಂದ ರಾತ್ರಿ 10 ಅಂತಿಟ್ಟು ಬಿಟ್ರೆ ಆ ಹೊತ್ತಲ್ಲಿ ತಾನಾಗಿ ರೀಸ್ಟಾರ್ಟ್ ಆಗಲ್ಲ. ತಿಂಗಳ ಕೊನೆ ಸ್ಟಾಕ್ ಲೆಕ್ಕ ಇದ್ರೆ ಅಪ್‌ಡೇಟ್ ತಡೆಹಿಡಿಯೋ ಪಾಸ್ (Pause) ಒತ್ತಿ ಒಂದು ವಾರ ನಿಲ್ಲಿಸ್ಕೊಳ್ಳಿ. ಮತ್ತೆ ಎರಡನೇ ಮಂಗಳವಾರ ಆದ ಮೇಲಿನ ಶನಿವಾರ ಅಂಗಡಿ ಮುಚ್ಚೋ ಮುಂದ ನೀವೇ ಅಪ್‌ಡೇಟ್ ಅಂಡ್ ಶಟ್ ಡೌನ್ ಕೊಟ್ಟು ಹೋಗಿ, ಮೇನ್ ಸ್ವಿಚ್ ಮಾತ್ರ ಕೂಡ್ಲೇ ಆಫ್ ಮಾಡಬೇಡ್ರಿ, ಸ್ಕ್ರೀನ್ ಪೂರ್ತಿ ಕಪ್ಪಾಗಿ ಸಿಪಿಯು ಲೈಟ್ ಆರೋ ತನಕ ನಿಂತು ಆಮೇಲೆ ಶಟರ್ ಎಳೀರಿ.