ಸೊಪ್ಪಿನ ಆತುರಕ್ಕೆ ಬರೆದ ತಪ್ಪೊಪ್ಪಿಗೆ

ಮುನಿರಾಜು, ನಸೀಮಾ, ಶಶಿ, ಅಂಜಿ ಎಂಬ ಹೆಸರುಗಳು ನಾನು ಇಟ್ಟವು. ಸಣ್ಣ ಊರಿನಲ್ಲಿ ಹೆಸರು ಬದಲಿಸಿದ ಮಾತ್ರಕ್ಕೆ ಗುಟ್ಟು ನಿಲ್ಲುವುದಿಲ್ಲ, ಹಾಗಾಗಿ ಇನ್ನೂ ಕೆಲವು ವಿವರಗಳನ್ನು ಅದಲುಬದಲು ಮಾಡಿದ್ದೇನೆ. ಮಕ್ಕಳೂ ಅವರ ಮನೆಯವರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಒಂದು ಭಾನುವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದ ನನ್ನ ಆಪ್ತಸಲಹೆಯ ಕೊಠಡಿಗೆ ಹತ್ತನೇ ತರಗತಿಯ ಮೂವರು ಬಂದರು. ಜೊತೆಗೆ ದೊಡ್ಡವರು ಯಾರೂ ಇರಲಿಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದರು. ಶಕ್ತಿ ಯೋಜನೆಯಿಂದಾಗಿ ನಸೀಮಾಳಿಗೆ ಟಿಕೆಟ್ ಖರ್ಚಿಲ್ಲ. ಶಶಿ ಮತ್ತು ಅಂಜಿಯ ಟಿಕೆಟ್ಟಿಗೂ ಅವಳೇ ದುಡ್ಡು ಹಾಕಿದ್ದಳು. ಕುಳಿತುಕೊಳ್ಳುವ ಮೊದಲೇ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ನನ್ನ ಮೇಜಿನ ಮೇಲಿಟ್ಟಳು. ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ 'ತನಿಖೆ' ಎಂದು ಬರೆದಿತ್ತು.

ಆದದ್ದು ಇಷ್ಟು. ಶೈಕ್ಷಣಿಕ ಪ್ರವಾಸಕ್ಕೆಂದು ಮಕ್ಕಳಿಂದ ಸೇರಿಸಿದ 6,400 ರೂಪಾಯಿ ಒಂದು ಗುರುವಾರ ಸಂಜೆಯಿಂದ ಶುಕ್ರವಾರ ಬೆಳಗಿನೊಳಗೆ ಶಿಕ್ಷಕರ ಕೊಠಡಿಯಿಂದ ಕಾಣೆಯಾಗಿತ್ತು. ಗುರುವಾರ ಕೊನೆಯ ಪಿರಿಯಡ್ಡಿನ ನಂತರ ಭೂಪಟಗಳನ್ನು ಒಳಗಿಟ್ಟು ಬರಲು ಹೋದವನು ಮುನಿರಾಜು. ಅಪ್ಪನಿಲ್ಲದ ಹುಡುಗ, ತಾಯಿ ಗುತ್ತಿಗೆ ಜಮೀನಿನಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಾರೆ. ಶುಕ್ರವಾರ ಮಧ್ಯಾಹ್ನ ಅವನನ್ನು ಕರೆಸಿದರು. ಸಂಜೆ ಐದೂವರೆಗೆ ಅವನು ತಪ್ಪೊಪ್ಪಿಗೆ ಬರೆದುಕೊಟ್ಟ. ಸೋಮವಾರ ಪ್ರಾರ್ಥನೆಯ ಸಾಲಿನಲ್ಲಿ ಅವನ ಹೆಸರು ಹೇಳಿದರು. ಮಂಗಳವಾರ ತಾಯಿ ಕೈಸಾಲ ಮಾಡಿ ಹಣ ಕಟ್ಟಿದರು. ಅಂದಿನಿಂದ ಅವನು ಶಾಲೆಗೆ ಬಂದಿಲ್ಲ.

"ಅವನು ಕದ್ದಿಲ್ಲ ಮೇಡಂ," ಎಂದಳು ನಸೀಮಾ. ಉಳಿದಿಬ್ಬರು ತಲೆಯಾಡಿಸಿದರು.

ನೋಟ್‌ಬುಕ್ ತೆರೆದೆ. ಶಿಕ್ಷಕರ ಕೊಠಡಿಯ ನಕ್ಷೆ, ಯಾರು ಎಷ್ಟು ಹೊತ್ತಿಗೆ ಒಳಗೆ ಹೋದರೆಂಬ ಪಟ್ಟಿ, ಅನುಮಾನವಿರುವ ಒಂಬತ್ತು ಹೆಸರು, ಹೆಸರಿಗೊಂದು ಅಂಕ. ಒಪ್ಪಿಕೊಳ್ಳುತ್ತೇನೆ: ಅರ್ಧ ಗಂಟೆ ನಾನೂ ಪತ್ತೇದಾರಿಕೆಗೆ ಇಳಿದುಬಿಟ್ಟೆ. ಕಿಟಕಿಯ ಚಿಲಕ ಎಂಥದ್ದು ಎಂದು ಕೇಳಿದಾಗ ಶಶಿಯ ಕಣ್ಣು ಮಿಂಚಿದ್ದನ್ನು ನೋಡಿ ಎಚ್ಚರವಾಯಿತು. ಆಪ್ತಸಲಹೆಗೆ ಬಂದವರನ್ನು ನಾನು ಇನ್ನಷ್ಟು ಕುಣಿಸುತ್ತಿದ್ದೆ. ಮೊದಲು ಅವರಿಂದ ನಂಬರ್ ಪಡೆದು ಮೂರೂ ಮನೆಗಳಿಗೆ ಫೋನ್ ಮಾಡಿ, ಮಕ್ಕಳು ಇಲ್ಲಿದ್ದಾರೆ ಎಂದು ತಿಳಿಸಿದೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಇಲ್ಲದ್ದನ್ನು ಕೇಳಿದೆ.

ಆಗ ಹೊರಬಿತ್ತು. ಗುರುವಾರ ನಾಲ್ಕೂಕಾಲಿಗೆ ಮುನಿರಾಜು ತಮ್ಮ ಜೊತೆ ಕಬಡ್ಡಿ ಆಡುತ್ತಿದ್ದ ಎಂದು ಮೂವರೂ ಮುಖ್ಯೋಪಾಧ್ಯಾಯರಿಗೆ ಹೇಳಿದ್ದರು. ಆಡುತ್ತಿರಲಿಲ್ಲ, ಅವನು ಭೂಪಟ ಇಟ್ಟು ನೇರ ಮನೆಗೆ ಓಡಿದ್ದ. ಮೂವರನ್ನೂ ಬೇರೆ ಬೇರೆಯಾಗಿ ಕರೆದು ಯಾರು ಯಾವ ಕಡೆ ಆಡಿದರು ಎಂದು ಕೇಳಿದಾಗ ಮೂರು ಉತ್ತರ ಬಂದವು. ಗೆಳೆಯನನ್ನು ಉಳಿಸಲು ಕಟ್ಟಿದ ಸುಳ್ಳು ಅವನ ಕುತ್ತಿಗೆಗೇ ಬಿತ್ತು. 'ಇವರೇ ಸುಳ್ಳು ಹೇಳುತ್ತಿದ್ದಾರೆಂದರೆ ಅವನು ಕದ್ದಿರಲೇಬೇಕು' ಎಂದು ಶಿಕ್ಷಕರು ಲೆಕ್ಕ ಹಾಕಿದರು.

ಇನ್ನೊಂದು ಸಂಗತಿ ಹೊರಬರಲು ಬಹಳ ಹೊತ್ತು ಹಿಡಿಯಿತು. ಎಂಟನೇ ತರಗತಿಯ ಒಬ್ಬ ಹುಡುಗ ಹೊಸ ಬೂಟು ಹಾಕಿಕೊಂಡು ಬಂದಿದ್ದ. ಶಶಿ ಮತ್ತು ಅಂಜಿ ಅವನನ್ನು ಸೈಕಲ್ ಸ್ಟ್ಯಾಂಡಿನ ಹಿಂದೆ ನಿಲ್ಲಿಸಿ ಚೀಲ ಸುರಿಸಿ ನೋಡಿದ್ದರು. ನಾಲ್ಕೈದು ಮಕ್ಕಳು ಸುತ್ತ ನಿಂತು ನೋಡಿದ್ದರು. ಬೂಟು ಅವನ ಸೋದರಮಾವ ಕೊಡಿಸಿದ್ದು.

"ಅವನು ಅತ್ತನೇ?" ಎಂದು ಕೇಳಿದೆ.

"ಅತ್ತ," ಎಂದ ಅಂಜಿ. ಆಮೇಲೆ ಅವನೇ, "ಅತ್ತದ್ದರಿಂದ ಇವನೇ ಇರಬೇಕು ಎಂದುಕೊಂಡೆವು," ಎಂದ.

ನಾನು ಏನೂ ಹೇಳಲಿಲ್ಲ. ಹೇಳಬೇಕಾದ್ದನ್ನು ಅವನು ಹೇಳಿಯಾಗಿತ್ತು. ನಸೀಮಾ ಅವನ ಮುಖವನ್ನೇ ನೋಡುತ್ತಿದ್ದಳು.

ಹೊರಡುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿದೆ: ಇಷ್ಟೆಲ್ಲ ಮಾಡುತ್ತಿದ್ದೀರಲ್ಲ, ಮುನಿರಾಜು ಏನು ಬೇಕೆನ್ನುತ್ತಾನೆ? ಮೂವರಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ. ಅವನ ಪರವಾಗಿ ಎರಡು ದಿನ, ಅದರಲ್ಲಿ ಮೊಟ್ಟೆ ಕೊಡುವ ದಿನವೂ ಸೇರಿ, ಬಿಸಿಯೂಟ ಬಿಟ್ಟಿದ್ದರು. ಅವನ ಮನೆಗೆ ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ಕಳ್ಳ ಸಿಕ್ಕಿದ ಮೇಲೆ ಹೋಗೋಣ ಎಂದುಕೊಂಡಿದ್ದರು.

ಬುಧವಾರ ಮುನಿರಾಜು ತಾಯಿಯ ಜೊತೆ ಬಂದ. ಸಪೂರ ಹುಡುಗ, ಬೆರಳ ತುದಿಯಲ್ಲಿ ಸೊಪ್ಪಿನ ಕರೆ. ಶಾಲೆಯ ಹೊತ್ತಾದರೆ ಹೊಟ್ಟೆನೋವು ಬರುತ್ತದೆ, ರಾತ್ರಿ ಎರಡರವರೆಗೂ ನಿದ್ದೆಯಿಲ್ಲ. ಸಾಯಬೇಕು ಅನಿಸಿದೆಯೇ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಪೋಷಕರು ಹೆದರುತ್ತಾರೆ. ಕೇಳುವುದರಿಂದ ಅದು ಹುಟ್ಟುವುದಿಲ್ಲ. ಒಳಗಿದ್ದರೆ ಹೇಳಲು ಮಗುವಿಗೊಂದು ದಾರಿಯಾಗುತ್ತದೆ. "ಇಲ್ಲ, ಬೆಂಗಳೂರಿಗೆ ಹೋಗಿಬಿಡಬೇಕು ಅನಿಸಿತ್ತು," ಎಂದ. ಟೆಲಿ ಮಾನಸ್ ಸಹಾಯವಾಣಿಯ 14416 ಮತ್ತು ಮಕ್ಕಳ ಸಹಾಯವಾಣಿಯ 1098 ಸಂಖ್ಯೆಗಳನ್ನು ತಾಯಿಯ ಮೊಬೈಲಿನಲ್ಲಿ ಹಾಕಿಕೊಟ್ಟೆ.

ಮಾಡದ ತಪ್ಪನ್ನು ಒಪ್ಪಿಕೊಂಡದ್ದೇಕೆ? ಅವನ ಉತ್ತರವನ್ನು ಇದ್ದ ಹಾಗೆಯೇ ಕೊಡುತ್ತೇನೆ: "ಹುಳು ನಾಲ್ಕನೇ ಜ್ವರ ಎದ್ದಿದ್ದವು ಮೇಡಂ. ಅಮ್ಮ ಒಬ್ಬರೇ. ಬರೆದುಕೊಟ್ಟರೆ ಮನೆಗೆ ಕಳಿಸುತ್ತೇವೆ ಎಂದರು."

ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ: ರೇಷ್ಮೆಹುಳು ನಾಲ್ಕು ಸಲ ಪೊರೆ ಕಳಚುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಮೇಲೆ ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ, ತನಕದ ಸುಮಾರು ಒಂದು ವಾರದಲ್ಲಿ, ತನ್ನ ಆಯುಸ್ಸಿನ ಒಟ್ಟು ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ತಿನ್ನುತ್ತದೆ. ಆಗ ಸೊಪ್ಪು ತಪ್ಪಿದರೆ ಗೂಡು ತೆಳುವಾಗುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಮಧ್ಯಾಹ್ನದಿಂದ ಕೂಡಿಹಾಕಿದ್ದ ಹುಡುಗ ತನ್ನ ಹೆಸರನ್ನು ಕೊಟ್ಟು ಹುಳುವಿನ ಹೊಟ್ಟೆ ತುಂಬಿಸಲು ಓಡಿದ. ಈ ವಯಸ್ಸಿನವರು ಒತ್ತಡದಲ್ಲಿ ಸುಳ್ಳು ತಪ್ಪೊಪ್ಪಿಗೆ ಕೊಡುವುದು ಅಪರೂಪವೇನಲ್ಲ. ನಾಳೆಯ ಅಪವಾದಕ್ಕಿಂತ ಈ ಕೋಣೆಯ ಬಾಗಿಲು ಅವರಿಗೆ ದೊಡ್ಡದಾಗಿ ಕಾಣುತ್ತದೆ.

ಅವನಿಗೆ ಬೇಕಾದದ್ದು ಎರಡೇ. ಅಮ್ಮನ ದುಡ್ಡು ವಾಪಸ್ ಬರಬೇಕು. ಹೆಸರು ಹೇಳಿದ ಪ್ರಾರ್ಥನೆಯ ಸಾಲಿನಲ್ಲೇ ಇನ್ನೊಮ್ಮೆ ಹೇಳಬೇಕು. ಕಳ್ಳ ಯಾರೆಂಬ ಮಾತನ್ನು ಅವನು ಎತ್ತಲೇ ಇಲ್ಲ.

ಗೆಳೆಯರಿಗೆ ನಾನು ಕೊಟ್ಟ ಸಲಹೆ ಅವರಿಗೆ ಹಿಡಿಸಲಿಲ್ಲ. ಅನುಮಾನದ ಪಟ್ಟಿ ಹರಿದುಹಾಕಿ ಎಂದೆ. ಮೂವರೂ ಬೇರೆ ಬೇರೆ ಕುಳಿತು, ಗುರುವಾರ ತಮ್ಮ ಕಣ್ಣಿನಿಂದ ಕಂಡದ್ದನ್ನು ಮಾತ್ರ ಒಂದು ಹಾಳೆಯಲ್ಲಿ ಬರೆಯಿರಿ. ಕೇಳಿದ್ದು, ಊಹಿಸಿದ್ದು ಬೇಡ. ಕಬಡ್ಡಿಯ ಸುಳ್ಳನ್ನು ಮುಖ್ಯೋಪಾಧ್ಯಾಯರ ಮುಂದೆ ನೀವೇ ಒಪ್ಪಿಕೊಳ್ಳಿ, ಅದಕ್ಕೆ ಮುಂಚೆ ಬೇರೆ ಏನನ್ನೂ ಹೇಳಬೇಡಿ. ಎಂಟನೇ ತರಗತಿಯ ಹುಡುಗನ ಕ್ಷಮೆಯನ್ನು ಅದೇ ಸೈಕಲ್ ಸ್ಟ್ಯಾಂಡಿನಲ್ಲಿ, ಅಂದು ನೋಡಿದವರ ಎದುರಿಗೇ ಕೇಳಿ. ಸಂಜೆ ಮುನಿರಾಜುವಿನ ಮನೆಗೆ ಹೋಗಿ, ತಪ್ಪಿಹೋದ ಪಾಠ ಕೊಡಿ, ಕಳ್ಳತನದ ಮಾತು ಅವನು ತೆಗೆದರೆ ಮಾತ್ರ ಆಡಿ.

"ಹಾಗಾದರೆ ಕಳ್ಳನನ್ನು ಹಿಡಿಯುವುದು ಬೇಡವೇ?" ಎಂದು ನಸೀಮಾ ಸಿಟ್ಟಾದಳು. ಅದು ದೊಡ್ಡವರ ಕೆಲಸ ಎಂದೆ. ದೊಡ್ಡವರು ಮಾಡಿದ ಕೆಲಸವನ್ನು ನೋಡಿಯೇ ಇಲ್ಲಿಗೆ ಬಂದೆವು ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆದರೆ ಹಾಳೆ ಬರೆದಳು. ಅದರಲ್ಲಿ ಒಂದು ಸಾಲಿತ್ತು. ಗುರುವಾರ ಮಧ್ಯಾಹ್ನ ಕೊನೆಯದಾಗಿ ಪ್ರವಾಸದ ಹಣ ಕೊಟ್ಟವಳು ಅವಳೇ. ಮಿಸ್ ಅದನ್ನು ಉಳಿದ ನೋಟುಗಳ ಜೊತೆ ಸೇರಿಸಿ ಮೇಜಿನ ಡ್ರಾಯರಿನಲ್ಲಿ, ಹಾಜರಿ ಪುಸ್ತಕದ ಕೆಳಗೆ ಇಟ್ಟದ್ದನ್ನು ಕಂಡಿದ್ದಳು. ಎಲ್ಲರಿಗೂ ಗೊತ್ತಿರುವ ವಿಷಯವೆಂದು 'ತನಿಖೆ'ಯಲ್ಲಿ ಬರೆದೇ ಇರಲಿಲ್ಲ.

ಮುನಿರಾಜು ನನಗೆ ಹೇಳಿದ್ದು ಬೇರೆ. "ಎಲ್ಲಿಂದ ತೆಗೆದೆ ಎಂದು ಕೇಳಿದರು. ಅಲ್ಲಿ ಬೀರು ಇತ್ತಲ್ಲ, ಬೀರುವಿನಿಂದ ಎಂದು ಬರೆದೆ."

ತಾಯಿಗೆ ಒಂದು ಅರ್ಜಿ ಬರೆಯಲು ನೆರವಾದೆ: ತಪ್ಪೊಪ್ಪಿಗೆಯನ್ನು ಮರುಪರಿಶೀಲಿಸಬೇಕು ಎಂದು ಮುಖ್ಯೋಪಾಧ್ಯಾಯರಿಗೆ, ಒಂದು ಪ್ರತಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೆ, ಸ್ವೀಕೃತಿಯ ಸಹಿ ತಪ್ಪದೆ. ಅದರಲ್ಲಿ ಕಾನೂನಿನ ಒಂದೇ ಮಾತು ಹಾಕಿದೆವು. 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಂ ಪ್ರಕಾರ, ಹದಿನೆಂಟು ವರ್ಷದವರೆಗೆ ಯಾವ ಮಗುವಿಗೂ ದುರುದ್ದೇಶವಾಗಲಿ ಅಪರಾಧದ ಉದ್ದೇಶವಾಗಲಿ ಇಲ್ಲವೆಂದೇ ಭಾವಿಸಿ ಹೊರಡಬೇಕು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದರೆ ಆ ಕಾಯ್ದೆ ಆರರಿಂದ ಹದಿನಾಲ್ಕು ವಯಸ್ಸಿನವರದು, ಮುನಿರಾಜುವಿಗೆ ಹದಿನೈದು. ಆದ್ದರಿಂದ ಅದನ್ನು ಬಿಟ್ಟೆವು. ಇನ್ನೊಂದು ಕಾರಣವೂ ಇತ್ತು: ಕಲಂಗಳ ಪಟ್ಟಿ ಹಿಡಿದು ಹೋದವರ ಎದುರು ಶಾಲೆಯವರು ಮೊದಲು ಬೆನ್ನು ಸೆಟೆಸುತ್ತಾರೆ, ಆಮೇಲೆ ಕಿವಿ ಮುಚ್ಚುತ್ತಾರೆ.

ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. ಪ್ರವಾಸದ ಹಣಕ್ಕೆ ಪೋಷಕರಿಗೆ ಉತ್ತರ ಹೇಳಬೇಕಿತ್ತು, ಅವಸರದಲ್ಲಿದ್ದರು. ಮಕ್ಕಳು ಮೊದಲು ತಮ್ಮ ಸುಳ್ಳನ್ನು ಒಪ್ಪಿಕೊಂಡಾಗ ಗದರಿದರು. ನಸೀಮಾಳ ಹಾಳೆ ಓದಿದ ಮೇಲೆ ಫೈಲಿನಿಂದ ತಪ್ಪೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟುಕೊಂಡರು. ಮಿಸ್ಸನ್ನು ಕರೆಸಿ, ಹಣ ಎಲ್ಲಿಟ್ಟಿದ್ದಿರಿ ಎಂದು ಕೇಳಿದರು. ಡ್ರಾಯರಿನಲ್ಲಿ ಎಂದರು ಅವರು.

"ಜಾಗವನ್ನು ಬೇಕೆಂದೇ ತಪ್ಪಾಗಿ ಬರೆದಿರಬಹುದಲ್ಲ?" ಎಂದು ನನ್ನನ್ನು ಕೇಳಿದರು.

"ಕದ್ದೆ ಎಂದೇ ಒಪ್ಪಿಕೊಂಡ ಮೇಲೆ ಜಾಗವನ್ನು ಮುಚ್ಚಿಟ್ಟು ಅವನಿಗೇನು ಬರಬೇಕು ಸರ್?"

ಅವರು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು.

ಹಣ ಯಾರು ತೆಗೆದರೆಂದು ಇವತ್ತಿಗೂ ಗೊತ್ತಾಗಿಲ್ಲ. ತಾಯಿಗೆ ಎರಡು ಕಂತಿನಲ್ಲಿ ದುಡ್ಡು ವಾಪಸ್ ಬಂತು. ಪ್ರಾರ್ಥನೆಯ ಸಾಲಿನಲ್ಲಿ ಮುಖ್ಯೋಪಾಧ್ಯಾಯರು 'ತಪ್ಪು ಗ್ರಹಿಕೆಯಾಗಿತ್ತು' ಎಂದಷ್ಟೇ ಹೇಳಿದರಂತೆ. ನನಗೆ ಅದು ಸಾಲದೆನಿಸಿತು, ಮುನಿರಾಜುವಿಗೆ ಸಾಕಾಯಿತು. ಎಂಟನೇ ತರಗತಿಯ ಹುಡುಗ ಮಾತ್ರ ಶಶಿಯನ್ನು ಕ್ಷಮಿಸಲಿಲ್ಲ. ಕೇಳಿಸಿಕೊಂಡು, ಚೀಲ ಎತ್ತಿಕೊಂಡು ಹೊರಟುಹೋದ. ಕ್ಷಮಿಸುವುದು ಬಿಡುವುದು ಅವನ ಹಕ್ಕು ಎಂದು ಶಶಿಗೆ ಎರಡು ಭೇಟಿಗಳಲ್ಲಿ ತಿಳಿಹೇಳಬೇಕಾಯಿತು.

ಕೊನೆಯ ಭೇಟಿಗೆ ಗೊತ್ತುಮಾಡಿದ್ದ ದಿನ ನಾಲ್ವರೂ ಬರಲಿಲ್ಲ. ಸಂಜೆ ಮುನಿರಾಜುವಿನ ತಾಯಿಯ ಫೋನ್ ಬಂತು. ಮುಂದಿನ ಬೆಳೆಯ ಹುಳು ಹಣ್ಣಾಗಿದ್ದವು, ಎಲ್ಲರೂ ಸೇರಿ ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುತ್ತಿದ್ದರು. ಹಿಂದಿನಿಂದ ಗಲಾಟೆ ಕೇಳಿಸುತ್ತಿತ್ತು. ಏನದು ಎಂದು ಕೇಳಿದೆ. ಶಶಿ ಅವಸರಕ್ಕೆ ಹಣ್ಣಾಗದ ಹುಳುಗಳನ್ನೂ ಹೆಕ್ಕಿ ಹಾಕಿದ್ದಾನೆಂದು ಮುನಿರಾಜು ಬೈಯುತ್ತಿದ್ದನಂತೆ.