ಭತ್ತದಲ್ಲಿ ಬಿಳಿ ತೆನೆ ಬಂದ ಮೇಲೆ ಯಾವ ಔಷಧಿ ಹೊಡೆಯಬೇಕು?

ತೆನೆ ಹೊರಟ ಗದ್ದೆಯಲ್ಲಿ ಅಲ್ಲಲ್ಲಿ ಬಿಳಿ ತೆನೆ ನಿಂತಿವೆ, ಏನು ಹೊಡೆಯಲಿ ಎಂದು ಕೇಳಿದ್ದೀರಿ. ನಾನೂ ಭತ್ತ ಬೆಳೆಯುವವನೇ. ಮೊದಲು ಒಂದು ಬಿಳಿ ತೆನೆ ಹಿಡಿದು ಮೇಲಕ್ಕೆ ಎಳೆಯಿರಿ. ಸಲೀಸಾಗಿ ಕಿತ್ತು ಬಂದು, ಬುಡದಲ್ಲಿ ಕಡಿದ ಗುರುತಿದ್ದರೆ ಕಾಂಡ ಕೊರೆಯುವ ಹುಳು. ತೆನೆಯ ಕುತ್ತಿಗೆ ಕಪ್ಪಾಗಿ ಅಲ್ಲೇ ಮುರಿದಿದ್ದರೆ ಬೆಂಕಿ ರೋಗ, ಅದಕ್ಕೆ ಉಪಾಯ ಬೇರೆ.

ಹುಳುವೇ ಆಗಿದ್ದರೆ ದಯವಿಟ್ಟು ಈಗ ದುಡ್ಡು ಸುರಿಯಬೇಡಿ. ಬೆಳ್ಳಗಾದ ತೆನೆಯಲ್ಲಿ ಮತ್ತೆ ಕಾಳು ಕಟ್ಟುವುದಿಲ್ಲ. ಸೈಪರ್‌ಮೆಥ್ರಿನ್ ಜಾತಿಯ ಔಷಧಿ ಹೊಡೆದರೆ ಗದ್ದೆಯ ಜೇಡಗಳು ಸತ್ತು, ಅವು ತಿನ್ನುತ್ತಿದ್ದ ಕಂದು ಜಿಗಿಹುಳು (ಪೈರಿನ ರಸ ಹೀರುವ ಕೀಟ) ಏಳಬಹುದು. ಇರುವ ಬೆಳೆಯೂ ಹೋಗಬಹುದು.

ಕಾಂಡ ಕೊರೆಯುವ ಹುಳುವಿನ ತಾಯಿ ಒಂದು ಸಣ್ಣ ಹಳದಿ ಪತಂಗ, ಮುಂದಿನ ಎರಡೂ ರೆಕ್ಕೆಗಳ ಮೇಲೆ ಒಂದೊಂದು ಕಪ್ಪು ಚುಕ್ಕೆ. ಗರಿಯ ತುದಿಯಲ್ಲಿ ಗುಂಪಾಗಿ ಮೊಟ್ಟೆ ಇಟ್ಟು, ಮೇಲೆ ತನ್ನದೇ ಕಂದು ರೋಮ ಮುಚ್ಚುತ್ತದೆ. ಸುಮಾರು ವಾರದಲ್ಲಿ ಮರಿಗಳು ಹೊರಬಂದು, ನೂಲು ಬಿಟ್ಟು ಗಾಳಿಯಲ್ಲಿ ಪಕ್ಕದ ಬುಡಗಳಿಗೆ ಹೋಗಿ ದಂಟಿನೊಳಗೆ ನುಗ್ಗುತ್ತವೆ. ಒಳಗೆ ಸೇರಿದ ಹುಳುವಿಗೆ ಮೇಲಿನ ಸಿಂಪಡಣೆ ತಾಗುವುದು ಕಷ್ಟ. ಎಳೆಯ ಪೈರಿನಲ್ಲಿ ಇದು ಬಿದ್ದರೆ ನಡುಸುಳಿ ಒಣಗುತ್ತದೆ, ಆದರೆ ಪೈರು ಬುಡದಿಂದ ಹೊಸ ತೆಂಡೆ (ಕವಲು) ಒಡೆದು ಸುಧಾರಿಸಿಕೊಳ್ಳುತ್ತದೆ. ತೆನೆ ಇನ್ನೂ ದಂಟಿನೊಳಗಿರುವ ಹೊಡೆ ಹೊತ್ತಿಗೆ ಬಿದ್ದರೆ ಅದಕ್ಕೆ ಸಮಯವೇ ಇರುವುದಿಲ್ಲ.

ಹಾಗಾಗಿ ನಮ್ಮ ಗಮನ ಮೊಟ್ಟೆಯ ಮೇಲಿರಬೇಕು. ಮುಂದಿನ ಬೆಳೆಗೆ ನಾಟಿಗೆ ಮುಂಚೆ ಸಸಿಯ ತುದಿ ಕತ್ತರಿಸಿ ಗದ್ದೆಯಿಂದ ಹೊರಗೆ ಹಾಕಿ ನಾಶ ಮಾಡಿ, ಮೊಟ್ಟೆಗಳೂ ಹೋಗುತ್ತವೆ. ದುಂಡಾಣು ಅಂಗಮಾರಿ (ಎಲೆ ಒಣಗಿಸುವ ರೋಗ) ಬರುವ ಕಡೆ ಮಾತ್ರ ಕತ್ತರಿಸಬೇಡಿ, ಗಾಯದಿಂದ ರೋಗ ಹರಡುತ್ತದೆ. ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆ ಕಟ್ಟಿ, ಪತಂಗ ಬೀಳತೊಡಗಿದ ಕೂಡಲೇ ಟ್ರೈಕೋಗ್ರಾಮ ಎಂಬ ಪುಟ್ಟ ಕಣಜದ ಹುಳು ಹೊರಬರುವ ಕಾರ್ಡು ಕಟ್ಟಿದರೆ ಅದು ಪತಂಗದ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುತ್ತದೆ. ನನಗೆ ಇದರ ಮೇಲೆ ಬಹಳ ನಂಬಿಕೆ, ಆದರೆ ಕಾರ್ಡು ಕಟ್ಟಿದ ಮೇಲೆ ವಿಷ ಹೊಡೆಯಬಾರದು. ಚದರ ಮೀಟರಿಗೆ ಒಂದು ಮೊಟ್ಟೆ ಗುಂಪು, ಇಲ್ಲವೇ ನೂರಕ್ಕೆ 5 ಸುಳಿ ಒಣಗಿದ್ದು ಕಂಡರೆ ಗದ್ದೆಗೆ ಎರಚುವ ಹರಳು ಔಷಧಿಯ ಯೋಚನೆ ಮಾಡಿ. ಯೂರಿಯಾ ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಡಿ.

ಈ ಸಲದ ಕೊಯ್ಲಲ್ಲಿ ಬುಡಕ್ಕೆ ಹತ್ತಿರ ಕೊಯ್ಯಿರಿ. ಹುಳು ಈಗ ಕೂಳೆಯಲ್ಲೇ ಕೋಶ ಕಟ್ಟಿ ಕೂರುತ್ತದೆ. ಕೊಯ್ದ ಕೂಡಲೇ ಉತ್ತು, ನೀರಿದ್ದರೆ ಗದ್ದೆಗೆ ಕಟ್ಟಿ. ಅಕ್ಕಪಕ್ಕದವರನ್ನೂ ಜೊತೆ ಸೇರಿಸಿಕೊಳ್ಳಿ, ಪತಂಗಕ್ಕೆ ಬದು ಅಡ್ಡಿಯಲ್ಲ.